ಗಾಣ ನಿಂತರೂ ಕೈ ನಿಲ್ಲದು

ಸಕ್ಕರೆ ಕಾರ್ಖಾನೆಯಲ್ಲಿ ಪ್ಯಾನ್‌ಮ್ಯಾನ್ ಅಂತ ಒಬ್ಬ ಕೆಲಸಗಾರ ಇರುತ್ತಾನೆ. ಗಾಣದಲ್ಲಿ ಹಿಂಡಿದ ಕಬ್ಬಿನ ಹಾಲು ಸುಣ್ಣ ಕಂಡು, ಗಂಧಕದ ಹೊಗೆ ಕಂಡು, ತಿಳಿಯಾಗಿ, ಇಂಗಿ, ಪಾಕವಾಗಿ ಕೊನೆಗೆ ಬಂದು ಸೇರುವುದು ಅವನ ಕೈಗೆ. ಮುಚ್ಚಿದ ದೊಡ್ಡ ಕಡಾಯಿಯೊಳಗಿನ ಗಾಳಿಯನ್ನು ಹೀರಿ ತೆಗೆದಿರುತ್ತಾರೆ. ಹಾಗಾಗಿ ಪಾಕ ಅರವತ್ತು, ಎಪ್ಪತ್ತು ಡಿಗ್ರಿ ಶಾಖದಲ್ಲೇ ಕುದಿಯುತ್ತದೆ, ಸೀಯುವುದಿಲ್ಲ. ಆ ಕುದಿಯಲ್ಲಿ ಹರಳು ಯಾವ ಗಳಿಗೆಗೆ ಕಟ್ಟಬೇಕು, ಎಷ್ಟು ದಪ್ಪಕ್ಕೆ ಬೆಳೆಯಬೇಕು, ಕಡಾಯಿಯನ್ನು ಯಾವಾಗ ಇಳಿಸಬೇಕು ಎಂದು ತೀರ್ಮಾನಿಸುವವನು ಅವನೇ. ಸಲಾಕೆಯಿಂದ ಒಂದಿಷ್ಟು ಪಾಕ ಹೊರಗೆಳೆದು ಗಾಜಿನ ತುಂಡಿನ ಮೇಲೆ ಸವರಿ ಬೆಳಕಿಗೆ ಹಿಡಿಯುತ್ತಾನೆ. ಹೆಬ್ಬೆರಳು, ತೋರುಬೆರಳ ನಡುವೆ ಎಳೆ ತೆಗೆದು ನೋಡುತ್ತಾನೆ. ಈಗ ಮೀಟರುಗಳು ಬಂದಿವೆ, ಪರದೆಯ ಮೇಲೆ ಅಂಕಿ ಓಡುತ್ತವೆ. ಆದರೂ ಅನುಭವಿ ಪ್ಯಾನ್‌ಮ್ಯಾನ್ ಒಮ್ಮೆ ಬೆರಳಿಗೆ ಹಚ್ಚಿ ನೋಡದೆ ಒಪ್ಪುವುದಿಲ್ಲ.

ಈ ವಿದ್ಯೆ ಬೆರಳಿಗೆ ಇಳಿಯಲು ಹಲವು ಹಂಗಾಮು ಬೇಕು. ಪೂರ್ತಿ ಇಳಿದು, ಕೈ ಪಳಗಿ, ತಪ್ಪೇ ಆಗದ ಹಂತಕ್ಕೆ ಬರುವ ಹೊತ್ತಿಗೆ ಐವತ್ತೆಂಟೋ ಅರವತ್ತೋ ಆಗಿರುತ್ತದೆ. ಕಚೇರಿಯಿಂದ ಪತ್ರ ಬರುತ್ತದೆ. ಶಾಲು, ಹಾರ, ಒಂದು ಫೋಟೊ. ಮುಂದಿನ ಕಾರ್ತೀಕದಲ್ಲಿ ಕಬ್ಬಿನ ಗಾಡಿಗಳು ರಸ್ತೆಗೆ ಬಂದಾಗ ಆ ಮನುಷ್ಯ ಮನೆಯಲ್ಲಿ ಸುಮ್ಮನೆ ಕೂರುವನೆಂದು ಸಕ್ಕರೆ ಸೀಮೆಯಲ್ಲಿ ಯಾರೂ ನಂಬುವುದಿಲ್ಲ. ಹಂಗಾಮಿನ ಮಟ್ಟಿಗೆ ಬಂದು ಹೋಗಿ ಅಂತ ಬೇರೆ ಕಾರ್ಖಾನೆಯಿಂದ ಕರೆ ಬರುವುದುಂಟು. ಬಾರದಿದ್ದರೆ ಊರಿನ ಬೆಲ್ಲದ ಗಾಣದ ಹತ್ತಿರವಾದರೂ ಹೋಗಿ ನಿಲ್ಲುತ್ತಾನೆ.

ಹಳ್ಳಿಖೇಡ (ಬಿ) ಇಂಥ ಕೈಗಳ ಊರು. ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿನ ಈ ಪಟ್ಟಣದ ಹೆಸರು ಹೇಳಿದರೆ ಸುತ್ತಲಿನ ರೈತರಿಗೆ ಮೊದಲು ನೆನಪಾಗುವುದು ಬಿಎಸ್‌ಎಸ್‌ಕೆ, ಅಂದರೆ ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ. ತೊಗರಿ, ಉದ್ದು, ಹೆಸರು, ಜೋಳದ ಸೀಮೆಯಲ್ಲಿ ಕಬ್ಬು ಬೆಳೆದು ಕೈಯಲ್ಲಿ ನಾಲ್ಕು ಕಾಸು ನೋಡುವ ಧೈರ್ಯವನ್ನು ಒಂದು ತಲೆಮಾರಿಗೆ ಕೊಟ್ಟದ್ದು ಆ ಚಿಮಣಿ. ಬಾಯ್ಲರ್, ಫಿಟ್ಟಿಂಗು, ವೇಬ್ರಿಜ್, ಲ್ಯಾಬು, ಗೋದಾಮು ಎಂದು ಸುತ್ತಲಿನ ಹಳ್ಳಿಗಳ ಎಷ್ಟೋ ಮನೆಗಳು ಅದರ ಪಾಳಿಗಳ ಮೇಲೆ ನಡೆದವು. ಮುಂದೆ ಕಾರ್ಖಾನೆ ಸಾಲಕ್ಕೆ ಸಿಕ್ಕಿತು. ನಿಂತ ಹಂಗಾಮು, ಬಾಕಿ ಉಳಿದ ಪಗಾರ, ಧರಣಿ, ಮನವಿ ಪತ್ರಗಳು ಜಿಲ್ಲಾ ಸುದ್ದಿಯ ಪುಟಗಳಲ್ಲಿ ಪದೇ ಪದೇ ಬಂದವು. ಹೀಗಾಗಿ ವಯಸ್ಸಾದ ಮೇಲೂ ಜನ ಯಾಕೆ ದುಡಿಯುತ್ತಾರೆ ಎಂಬ ಪ್ರಶ್ನೆಯನ್ನು ಇಟ್ಟುಕೊಂಡು ನೋಡಲು ಹಳ್ಳಿಖೇಡಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ವಯಸ್ಸಿನ ಕಾರಣಕ್ಕೆ ಕೆಲಸ ಬಿಟ್ಟವರೂ ಕೆಲಸವೇ ಬಿಟ್ಟುಹೋದವರೂ ಇಲ್ಲಿ ಒಂದೇ ಕಟ್ಟೆಯ ಮೇಲೆ ಕೂರುತ್ತಾರೆ.

ಕೇಳಿದರೆ ಬರುವ ಉತ್ತರ ಈ ಸೀಮೆಯಲ್ಲಿ ಎಲ್ಲರದೂ ಒಂದೇ: ‘ಮನ್ಯಾಗ ಕುಂತು ಏನ್ ಮಾಡೋದ್ರಿ?’ ಪಿಂಚಣಿ ಬರುವ ಹೈಸ್ಕೂಲು ಮಾಸ್ತರರೂ ಇದನ್ನೇ ಹೇಳುತ್ತಾರೆ, ರಾತ್ರಿ ಪಾಳಿಯ ವಾಚ್‌ಮನ್ ಕಾಕಾನೂ ಇದನ್ನೇ ಹೇಳುತ್ತಾನೆ. ಮಾತು ಒಂದೇ ಆದ್ದರಿಂದ ಕಾರಣವೂ ಒಂದೇ ಇರಬೇಕೆಂದು ಕೇಳುವ ನಾವು ನಂಬಿಬಿಡುತ್ತೇವೆ. ನಾನು ಒಪ್ಪದಿರುವುದು ಇದನ್ನೇ. ಒಬ್ಬರು ಬಿಡಲು ಮನಸ್ಸಿಲ್ಲದೆ ದುಡಿಯುತ್ತಾರೆ, ಇನ್ನೊಬ್ಬರು ಬಿಟ್ಟರೆ ಒಲೆ ಉರಿಯದು ಅಂತ ದುಡಿಯುತ್ತಾರೆ. ಎರಡನೆಯವರು ತಮ್ಮ ಬಡತನ ಹೇಳಿಕೊಳ್ಳಲು ಸಂಕೋಚಪಟ್ಟು ಮೊದಲನೆಯವರ ಮಾತನ್ನು ಎರವಲು ತೆಗೆದುಕೊಳ್ಳುತ್ತಾರೆ. ಕೇಳಿದ ನಮಗೂ ಅದು ಅನುಕೂಲ. ‘ನೋಡ್ರಿ, ಈ ವಯಸ್ಸಿನಾಗೂ ಎಷ್ಟು ಹುರುಪು’ ಅಂತ ಹೊಗಳಿ ಮುಂದೆ ಹೋಗಬಹುದು.

ಮೊದಲು ಆ ಬಿಡಲಾಗದ ಮನಸ್ಸನ್ನೇ ನೋಡೋಣ, ಯಾಕೆಂದರೆ ಅದು ಸುಳ್ಳಲ್ಲ. ಆಸ್ಟ್ರಿಯಾ ದೇಶದಲ್ಲಿ ವಿಯೆನ್ನಾ ನಗರಕ್ಕೆ ಸಮೀಪ ಮರಿಯೆಂಟಾಲ್ ಅಂತ ಒಂದು ಊರು. ಒಂದು ಬಟ್ಟೆ ಗಿರಣಿಯ ಮೇಲೆ ಇಡೀ ಊರು ನಿಂತಿತ್ತು. 1930ರ ಹೊತ್ತಿಗೆ ಆ ಗಿರಣಿ ಮುಚ್ಚಿತು. ಮರಿ ಯಾಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಎಂಬ ಮೂವರು ಸಂಶೋಧಕರು ತಮ್ಮ ತಂಡದೊಂದಿಗೆ ಅಲ್ಲಿಗೆ ಹೋಗಿ ಊರನ್ನು ಹತ್ತಿರದಿಂದ ನೋಡಿ, 1933ರಲ್ಲಿ ಪುಸ್ತಕ ಪ್ರಕಟಿಸಿದರು. ಕೆಲಸ ಹೋದವರಿಗೆ ಸಮಯ ಸಿಕ್ಕಿತು, ಇನ್ನು ಓದುತ್ತಾರೆ, ಸಂಘ ಕಟ್ಟುತ್ತಾರೆ ಎಂದುಕೊಂಡಿದ್ದರೆ ಅಲ್ಲಿ ನಡೆದದ್ದೇ ಬೇರೆ. ಊರಿನ ಗ್ರಂಥಾಲಯದಿಂದ ಮನೆಗೆ ಒಯ್ಯುವ ಪುಸ್ತಕಗಳು ಎರಡೇ ವರ್ಷದಲ್ಲಿ ಸುಮಾರು ಅರ್ಧಕ್ಕೆ ಇಳಿದಿದ್ದವು. ಗಂಡಸರು ಜೇಬಿನಲ್ಲಿ ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ಸಂಶೋಧಕರು ಕಿಟಕಿಯೊಂದರ ಮರೆಯಲ್ಲಿ ಕೂತು ಬೀದಿಯಲ್ಲಿ ಹೋಗುವವರ ನಡಿಗೆಯ ವೇಗವನ್ನೂ ಅಳೆದರು. ಮಾಡಲು ಏನೂ ಇಲ್ಲದ ಗಂಡಸರು ನಿಧಾನಕ್ಕೆ ಹೆಜ್ಜೆ ಹಾಕುತ್ತಿದ್ದರು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ‘ಮುಂಜಾನೆಯಿಂದ ಏನು ಮಾಡಿದಿರಿ?’ ಅಂದರೆ ಅವರಿಗೆ ನೆನಪಾಗುತ್ತಿರಲಿಲ್ಲ.

ಯಾಹೋಡಾ ಆ ಊರನ್ನು ಮರೆಯಲಿಲ್ಲ. ಹಲವು ದಶಕ ಕಳೆದ ಮೇಲೆ ಆಕೆ ಹೇಳಿದ್ದು ಇಷ್ಟು: ಕೆಲಸ ಪಗಾರವನ್ನಷ್ಟೇ ಕೊಡುವುದಿಲ್ಲ, ದಿನಕ್ಕೊಂದು ಕಟ್ಟು ಹಾಕಿಕೊಡುತ್ತದೆ, ಮನೆಯವರಲ್ಲದ ಮಂದಿಯ ಸಂಗ ಕೊಡುತ್ತದೆ, ನನಗಿಂತ ದೊಡ್ಡದೊಂದರಲ್ಲಿ ನನ್ನದೂ ಪಾಲಿದೆ ಎಂಬ ಭಾವ ಕೊಡುತ್ತದೆ, ಊರಲ್ಲಿ ಒಂದು ಗುರುತು ಕೊಡುತ್ತದೆ, ಮೈಮನಸ್ಸನ್ನು ಚಾಲನೆಯಲ್ಲಿ ಇಡುತ್ತದೆ. ಪಗಾರ ನಿಂತಾಗ ಈ ಐದೂ ಸದ್ದಿಲ್ಲದೆ ಕೈತಪ್ಪುತ್ತವೆ. ಕಾರ್ಖಾನೆಯ ಊರಿನಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಭೋಂಗಾ ಕೂಗಿದಾಗ ಏಳುವುದು, ಭೋಂಗಾ ಕೂಗಿದಾಗ ಬುತ್ತಿ ಬಿಚ್ಚುವುದು, ಪಾಳಿ ಬಿಟ್ಟ ಮೇಲೆ ಹೋಟೆಲಿನ ಬೆಂಚಿನ ಮೇಲೆ ಕೂತು ಕಬ್ಬಿನಿಂದ ಆ ದಿನದ ಸಕ್ಕರೆ ರಿಕವರಿ ಎಷ್ಟು ಬಂತೆಂದು ಮಾತಾಡುವುದು, ಇವೆಲ್ಲ ಸೇರಿ ಒಂದು ಬದುಕು. ‘ಫಿಟ್ಟರ್’, ‘ಕೆಮಿಸ್ಟ್ ಸಾಬ್’, ‘ಮಾಸ್ತರ’ ಎಂಬ ಹೆಸರುಗಳು ಮನೆತನದ ಹೆಸರಿಗಿಂತ ಗಟ್ಟಿಯಾಗಿ ಮನುಷ್ಯನಿಗೆ ಅಂಟಿಕೊಂಡಿರುತ್ತವೆ. ನಿವೃತ್ತರಾದ ಮಾಸ್ತರರು ಮತ್ತೆ ಖಾಸಗಿ ಶಾಲೆಯಲ್ಲಿ ಎರಡು ತಾಸು ಗಣಿತ ಹೇಳಿಕೊಡಲು ಒಪ್ಪುವುದು ಅಲ್ಲಿ ಸಿಗುವ ಪುಡಿಗಾಸಿಗೆ ಅಂತ ನನಗೆ ಅನ್ನಿಸುವುದಿಲ್ಲ. ಮುಂಜಾನೆ ಇಸ್ತ್ರಿ ಮಾಡಿದ ಅಂಗಿ ತೊಡಲು ಅವರಿಗೊಂದು ಕಾರಣ ಬೇಕಾಗಿರುತ್ತದೆ.

ಮರಿಯೆಂಟಾಲಿನ ಪುಸ್ತಕದಲ್ಲಿ ಇನ್ನೊಂದು ಸಂಗತಿ ಇದೆ. ಅದೇ ಬೀದಿಯಲ್ಲಿ ಹೆಂಗಸರ ನಡಿಗೆ ನಿಧಾನವಾಗಿರಲಿಲ್ಲ. ಅವರೂ ಗಿರಣಿಯಲ್ಲಿ ದುಡಿದವರೇ, ಅವರ ಕೆಲಸವೂ ಹೋಗಿತ್ತು. ಆದರೆ ಅಡುಗೆ, ಬಟ್ಟೆ, ಮಕ್ಕಳು ಎಲ್ಲೂ ಹೋಗಿರಲಿಲ್ಲ. ನಮ್ಮ ಕಡೆ ಇದಕ್ಕೆ ಪುಸ್ತಕದ ಸಾಕ್ಷಿ ಬೇಕಿಲ್ಲ. ಯಜಮಾನರು ರಿಟೈರ್ ಆದ ಮರುದಿನ ಮನೆಯಲ್ಲಿ ಒಂದು ಚಹಾ ಹೆಚ್ಚಾಗುತ್ತದೆ, ಮಧ್ಯಾಹ್ನದ ಬಿಸಿ ರೊಟ್ಟಿ ಹೆಚ್ಚಾಗುತ್ತದೆ. ಅಂದರೆ ಗಂಡನ ನಿವೃತ್ತಿ ಹೆಂಡತಿಯ ಕೆಲಸವನ್ನು ಹೆಚ್ಚಿಸುತ್ತದೆ. ಮಗ, ಸೊಸೆ ಹೈದರಾಬಾದಿಗೋ ಪುಣೆಗೋ ನೌಕರಿಗೆ ಹೋದ ಮನೆಗಳಲ್ಲಿ ಮೊಮ್ಮಕ್ಕಳನ್ನು ಬೆಳೆಸುವುದು ಅರವತ್ತು ದಾಟಿದ ಅಜ್ಜಿಯ ಪಾಲಿನ ಎರಡನೆಯ ಬಾಣಂತನ. ಇದನ್ನು ಯಾವ ಲೆಕ್ಕದವರೂ ಕೆಲಸ ಅಂತ ಬರೆದುಕೊಳ್ಳುವುದಿಲ್ಲ. ಇನ್ನು ಅಂಗನವಾಡಿಯ ಅಕ್ಕಂದಿರನ್ನು ನೋಡಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಊರಿನ ಮಕ್ಕಳನ್ನು ತೂಗಿ, ಉಣ್ಣಿಸಿ, ಅಕ್ಷರ ತಿದ್ದಿಸಿದವರಿಗೆ ಸಿಗುತ್ತ ಬಂದದ್ದು ಪಗಾರವಲ್ಲ, ಗೌರವಧನ. ಅವರೂ ಗ್ರಾಚ್ಯುಟಿಗೆ ಅರ್ಹರು ಎಂದು ಸುಪ್ರೀಂ ಕೋರ್ಟ್ ಹೇಳಲು 2022ರ ಏಪ್ರಿಲ್ ಬರಬೇಕಾಯಿತು. ಅಲ್ಲಿಗೆ ನಲವತ್ತಾರು ವರ್ಷ ಕಳೆದಿದ್ದವು, ಮೊದಲ ತಲೆಮಾರಿನ ಅಕ್ಕಂದಿರು ಯಾವಾಗಲೋ ಬರಿಗೈಲಿ ಮನೆಗೆ ಹೋಗಿದ್ದರು.

ಈಗ ಒಲೆಯ ಮಾತಿಗೆ ಬರೋಣ. ಕಾರ್ಖಾನೆಯ ನೌಕರನಿಗೆ ಬರುವ ಪಿಂಚಣಿ 1995ರ ನೌಕರರ ಪಿಂಚಣಿ ಯೋಜನೆಯದ್ದು; ಜನ ಇಪಿಎಸ್ ಅನ್ನುತ್ತಾರೆ. ಕನಿಷ್ಠ ಹತ್ತು ವರ್ಷ ಸೇವೆ ಆಗಿರಬೇಕು, ಐವತ್ತೆಂಟು ತುಂಬಬೇಕು. ಲೆಕ್ಕ ಹೀಗೆ: ಪಿಂಚಣಿಗೆ ಹಿಡಿಯುವ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ ಎಪ್ಪತ್ತರಿಂದ ಭಾಗಿಸಬೇಕು. ಆ ವೇತನಕ್ಕೆ ಮಿತಿ 15,000 ರೂಪಾಯಿ. ಮೂವತ್ತು ವರ್ಷ ದುಡಿದವನಿಗೆ ಇದು 6,428 ರೂಪಾಯಿ ಆಗುತ್ತದೆ. ಇಪ್ಪತ್ತು ವರ್ಷ ದಾಟಿದ ಸೇವೆಗೆ ಎರಡು ವರ್ಷ ಹೆಚ್ಚುವರಿ ಸೇರಿಸಿದರೂ ಏಳು ಸಾವಿರ ಮುಟ್ಟುವುದಿಲ್ಲ. ಇದೂ ಕೈಗೆ ಬರುವ ಮೊತ್ತವಲ್ಲ. 2014ರ ಸೆಪ್ಟೆಂಬರ್‌ಗೆ ಹಿಂದೆ ವೇತನದ ಮಿತಿ 6,500 ರೂಪಾಯಿ ಇತ್ತು, ಆ ಹಿಂದಿನ ವರ್ಷಗಳಿಗೆ ಆ ಹಳೆಯ ಮಿತಿಯನ್ನೇ ಹಿಡಿಯುತ್ತಾರೆ. ಹಾಗಾಗಿ ತಿಂಗಳಿಗೆ ಎರಡು, ಮೂರು ಸಾವಿರದ ಸುತ್ತ ಪಿಂಚಣಿ ಪಡೆಯುವ ಹಳೆಯ ಕಾರ್ಮಿಕ ಸಿಕ್ಕರೆ ಅಚ್ಚರಿಪಡಬೇಕಿಲ್ಲ. ಕನಿಷ್ಠ ಪಿಂಚಣಿ 1,000 ರೂಪಾಯಿ. ಸರ್ಕಾರಿ ನೌಕರನ ಪಿಂಚಣಿಗೆ ಸೇರುವ ತುಟ್ಟಿಭತ್ಯೆ ಇದಕ್ಕಿಲ್ಲ. ನಿವೃತ್ತಿಯ ದಿನ ಗೊತ್ತಾದ ಮೊತ್ತವೇ ಸಾಯುವ ತನಕ. ಎಣ್ಣೆ, ಬೇಳೆ, ಬಿ.ಪಿ. ಗುಳಿಗೆಯ ಬೆಲೆ ಏರುತ್ತ ಹೋದ ಹಾಗೆ ಆ ದುಡ್ಡು ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಅಂಥವನು ಅರವತ್ತೈದರಲ್ಲಿ ಹುಮನಾಬಾದಿನ ಕೈಗಾರಿಕಾ ಪ್ರದೇಶದ ಯಾವುದೋ ಗೇಟಿನ ಮುಂದೆ ಹನ್ನೆರಡು ತಾಸಿನ ಪಾಳಿ ಕಾಯುತ್ತಿದ್ದರೆ ಅದನ್ನು ಹುರುಪು ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಸರ್ಕಾರಿ ನೌಕರರ ಸ್ಥಿತಿ ಬೇರೆ, ಆದರೆ ಅವರಲ್ಲೂ ಎರಡು ಪಂಗಡ ಆಗಿದೆ. ರಾಜ್ಯದಲ್ಲಿ ನಿವೃತ್ತಿ ವಯಸ್ಸು ಐವತ್ತೆಂಟರಿಂದ ಅರವತ್ತಕ್ಕೆ ಏರಿದ್ದು 2008ರಲ್ಲಿ. 2006ರ ಏಪ್ರಿಲ್ 1ಕ್ಕೆ ಮೊದಲು ಸೇರಿದವರಿಗೆ ಹಳೆಯ ಪಿಂಚಣಿ ಇದೆ: ಪೂರ್ತಿ ಸೇವೆ ಮಾಡಿದವರಿಗೆ ಕೊನೆಯ ಮೂಲವೇತನದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ. ಆ ದಿನದಿಂದ ಈಚೆಗೆ ಸೇರಿದವರು ಎನ್‌ಪಿಎಸ್‌ನವರು, ಅಂದರೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಯವರು. ಅವರ ಹಣ ಮಾರುಕಟ್ಟೆಯಲ್ಲಿ ಬೆಳೆಯುತ್ತದೆ ಅಥವಾ ಬೆಳೆಯುವುದಿಲ್ಲ. ನಿವೃತ್ತಿಯಾದಾಗ ಕನಿಷ್ಠ ಶೇ 40ರಷ್ಟನ್ನು ವರ್ಷಾಶನಕ್ಕೆ ಕಟ್ಟಿ ಅದರಿಂದ ಬರುವುದರಲ್ಲಿ ಬದುಕಬೇಕು. ಒಂದೇ ಶಾಲೆಯಲ್ಲಿ ಒಂದೇ ಮೇಜಿಗೆ ಕೂತ ಇಬ್ಬರು ಶಿಕ್ಷಕರ ಮುಪ್ಪು ಬೇರೆ ಬೇರೆಯಾಗಲಿದೆ. ಎನ್‌ಪಿಎಸ್ ತಲೆಮಾರು ದೊಡ್ಡ ಸಂಖ್ಯೆಯಲ್ಲಿ ನಿವೃತ್ತವಾಗುವ ಕಾಲ ಇನ್ನೂ ಮುಂದಿದೆ, ಆಗ ‘ಮನ್ಯಾಗ ಕುಂತು ಏನ್ ಮಾಡೋದು’ ಎಂಬ ಮಾತಿಗೆ ಮಾಸ್ತರರ ಬಾಯಲ್ಲೂ ಇನ್ನೊಂದು ಅರ್ಥ ಬಂದೀತು. ಯಾವ ಪಿಂಚಣಿಯೂ ಇಲ್ಲದ ಬಡ ವೃದ್ಧರಿಗೆ ಅರವತ್ತೈದರ ನಂತರ ಸಂಧ್ಯಾ ಸುರಕ್ಷಾ ಇದೆ, ತಿಂಗಳಿಗೆ 1,200 ರೂಪಾಯಿ. ಗುಳಿಗೆ, ಬಸ್ಸಿನ ಚಾರ್ಜು ಕಳೆದರೆ ಚಹಾದ ದುಡ್ಡು ಉಳಿಯುತ್ತದೆ.

ಅಸಲಿಗೆ ಈ ದೇಶದ ಬಹುಪಾಲು ಜನರಿಗೆ ನಿವೃತ್ತಿಯೇ ಇಲ್ಲ. ಕೇಂದ್ರ ಸರ್ಕಾರ 2017–18ರಲ್ಲಿ ಕೈಗೊಂಡ ‘ಲಾಸಿ’ ಎಂಬ ವೃದ್ಧಾಪ್ಯದ ದೊಡ್ಡ ಸಮೀಕ್ಷೆ ಎಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿತು. ಅರವತ್ತು ದಾಟಿದವರಲ್ಲಿ ಮೂವರಿಗೆ ಒಬ್ಬರಿಗಿಂತ ತುಸು ಹೆಚ್ಚು ಮಂದಿ ಇನ್ನೂ ದುಡಿಯುತ್ತಿರುವುದು ಅದರಲ್ಲಿ ಕಂಡಿತು. ಅವರಲ್ಲಿ ಹೆಚ್ಚಿನವರು ಹೊಲದಲ್ಲಿ ಇರುವವರು. ತೊಗರಿ ರಾಶಿಗೆ ವಯಸ್ಸಿನ ದಾಖಲೆ ಕೇಳುವವರು ಯಾರು? ಬಸವಕಲ್ಯಾಣದ ಲಾರಿ ಚಾಲಕರ ಕಥೆಯೂ ಹೆಚ್ಚೂಕಡಿಮೆ ಇದೇ. ಹೈದರಾಬಾದ್–ಪುಣೆ ಹೆದ್ದಾರಿಯ ಮಗ್ಗುಲಿನ ಆ ಊರು ಲಾರಿಗಳಿಗೆ ಹೆಸರಾದದ್ದು. ಚಾಲಕನಿಗೆ ಬೀಳ್ಕೊಡುಗೆ ಸಮಾರಂಭ ಇರುವುದಿಲ್ಲ. ಐದು ವರ್ಷಕ್ಕೊಮ್ಮೆ ಭಾರಿ ವಾಹನದ ಲೈಸೆನ್ಸು ನವೀಕರಿಸುವಾಗ ವೈದ್ಯರ ಪ್ರಮಾಣಪತ್ರ ಬೇಕು. ಕಣ್ಣು ಸೋತ ದಿನ ಅವನ ನಿವೃತ್ತಿ. ಆಮೇಲೆ ಆಟೊನಗರದ ಗ್ಯಾರೇಜಿನಲ್ಲಿ ಪಾನಾ ಎತ್ತಿಕೊಡುತ್ತ, ಹುಡುಗರಿಗೆ ದಾರಿ ಹೇಳುತ್ತ ಇದ್ದುಬಿಡುತ್ತಾನೆ.

ಅರವತ್ತು, ಅರವತ್ತೈದು ಎಂಬ ಗೆರೆಯೇ ದೇವರು ಎಳೆದದ್ದಲ್ಲ. ಜರ್ಮನಿಯಲ್ಲಿ ಬಿಸ್ಮಾರ್ಕ್ 1889ರಲ್ಲಿ ಕಾರ್ಮಿಕರಿಗೆ ವೃದ್ಧಾಪ್ಯ ಪಿಂಚಣಿ ತಂದಾಗ ವಯಸ್ಸು ಎಪ್ಪತ್ತು ಅಂತ ಇಟ್ಟ. ಅಲ್ಲಿಯ ತನಕ ಬದುಕುವವರೇ ಕಡಿಮೆ ಇದ್ದ ಕಾಲ ಅದು. 1916ರಲ್ಲಿ ಅದು ಅರವತ್ತೈದಕ್ಕೆ ಇಳಿಯಿತು. ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯುಷ್ಯ ಮೂವತ್ತೆರಡರ ಸುತ್ತ ಇತ್ತು. ಈಗ ಅದು ಎಪ್ಪತ್ತು, ಅರವತ್ತು ಮುಟ್ಟಿದವರ ಮುಂದೆ ಸರಾಸರಿ ಇನ್ನೂ ಹದಿನೆಂಟು ವರ್ಷದ ಬದುಕು ಇರುತ್ತದೆ. ಒಂದು ಮಗು ಹುಟ್ಟಿ ಬೆಳೆದು ಮತದಾರನಾಗುವಷ್ಟು ಕಾಲ ಅದು. ಅಷ್ಟು ಉದ್ದದ ಬದುಕನ್ನು ವಿಶ್ರಾಂತಿ ಎಂಬ ಒಂದೇ ಮಾತಿನಲ್ಲಿ ತುಂಬಲು ಆಗುವುದಿಲ್ಲ.

ಹಳ್ಳಿಖೇಡದಿಂದ ಹುಮನಾಬಾದ್ ದಾಟಿ ಪಶ್ಚಿಮಕ್ಕೆ ಹೋದರೆ ಬಸವಕಲ್ಯಾಣ. ದುಡಿಮೆಯ ಬಗ್ಗೆ ಮಾತಾಡುತ್ತ ಈ ಊರನ್ನು ಬಿಟ್ಟು ಹೋಗಲಾಗುವುದಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಶರಣರು ಕೈಕೆಲಸವನ್ನು ಪೂಜೆಯ ಎತ್ತರಕ್ಕೆ ಏರಿಸಿದ್ದು ಇಲ್ಲಿ. ಅರವತ್ತು ದಾಟಿದವರ ದುಡಿಮೆಯನ್ನು ಹೊಗಳುವ ಪ್ರತಿ ಭಾಷಣದಲ್ಲೂ ಕಾಯಕ, ಕೈಲಾಸದ ಮಾತು ಬಂದೇ ಬರುತ್ತದೆ. ಆದರೆ ಶರಣರ ಕಥೆಗಳನ್ನು ಪೂರ್ತಿ ಕೇಳಬೇಕು. ನುಲಿಯ ಚಂದಯ್ಯ ಕೆರೆಯ ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ಜಂಗಮ ದಾಸೋಹ ಮಾಡಿದವನು. ಹುಲ್ಲು ಕೊಯ್ಯುವಾಗ ಲಿಂಗ ಜಾರಿ ಬಿದ್ದರೂ ಅವನು ಕಾಯಕ ನಿಲ್ಲಿಸಲಿಲ್ಲ, ಲಿಂಗವೇ ಅವನ ಬೆನ್ನು ಹತ್ತಿ ಬಂತು. ನನ್ನ ಜೊತೆ ಇರಬೇಕಾದರೆ ನೀನೂ ದುಡಿ ಎಂದು ಹಗ್ಗ ಮಾರಲು ಕಳಿಸಿದ ಎಂದು ಶೂನ್ಯಸಂಪಾದನೆಯ ಕಥೆ. ಇಲ್ಲಿಯ ತನಕ ಎಲ್ಲರೂ ಹೇಳುತ್ತಾರೆ. ಮುಂದಿನ ಭಾಗ ಇನ್ನೂ ಮುಖ್ಯ. ಆ ಹಗ್ಗಕ್ಕೆ ಬಸವಣ್ಣ ಬೆಲೆ ಮೀರಿ ಹೊನ್ನು ಕೊಟ್ಟಾಗ ಚಂದಯ್ಯ ಸಿಟ್ಟಾದ. ಹಗ್ಗದ ಬೆಲೆಗಿಂತ ಹೆಚ್ಚಿನದು ತನಗೆ ಸಲ್ಲದು ಎಂದ. ಆಯ್ದಕ್ಕಿ ಲಕ್ಕಮ್ಮನ ಕಥೆಯೂ ಇದೇ ದಿಕ್ಕಿನದು. ಚೆಲ್ಲಿದ ಅಕ್ಕಿ ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಒಲೆಗೆ ಹಾಕಲಿಲ್ಲ, ಹೆಚ್ಚಾದದ್ದನ್ನು ಆಯ್ದಲ್ಲಿಯೇ ಸುರಿದು ಬರಲು ತಿರುಗಿ ಕಳಿಸಿದಳು.

ಇಲ್ಲಿ ನನಗೆ ಕಾಣುವುದು ದುಡಿಮೆಯ ಹೊಗಳಿಕೆಗಿಂತ ದೊಡ್ಡದು. ಇಷ್ಟು ಸಾಕು ಎಂದು ಹೇಳುವ ಹಕ್ಕು ದುಡಿಯುವವಳ ಕೈಯಲ್ಲಿತ್ತು. ಎಷ್ಟು ಆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಲಕ್ಕಮ್ಮ ತೀರ್ಮಾನಿಸಿದಳು. ರಾತ್ರಿ ಪಾಳಿಯ ಅರವತ್ತೈದರ ಕಾವಲುಗಾರನಿಗೆ ಆ ಹಕ್ಕು ಎಲ್ಲಿದೆ? ಮಂಡಿ ನೋವೆಂದು ಒಂದು ದಿನ ಉಳಿದರೆ ಆ ದಿನದ ದುಡ್ಡು ಕಟ್ಟಾಗುತ್ತದೆ. ಅವನ ದುಡಿಮೆಗೆ ಕಾಯಕದ ಹೆಸರಿಟ್ಟು ನಾವು ಕೈ ತೊಳೆದುಕೊಂಡರೆ ಶರಣರ ಮಾತನ್ನು ಪಿಂಚಣಿಯ ಬದಲಿಗೆ ಕೊಟ್ಟಂತೆ. ಕಲ್ಯಾಣದ ನೆಲದಲ್ಲಿ ಹೊಸ ಅನುಭವ ಮಂಟಪ ಏಳುತ್ತಿರುವ ಈ ಕಾಲದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಬೇಕು.

ಬಿಡುವ ಹಕ್ಕು ಇದ್ದೂ ಬಿಡದವರ ದುಡಿಮೆ ಎಷ್ಟು ಎತ್ತರಕ್ಕೆ ಹೋಗಬಲ್ಲದು ಎಂಬುದಕ್ಕೆ ನಮ್ಮಲ್ಲಿ ದೊಡ್ಡ ಉದಾಹರಣೆಗಳಿವೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಹೈದರಾಬಾದನ್ನು ಮುಳುಗಿಸಿತು. ಬೀದರ್, ಹುಮನಾಬಾದ್, ಹಳ್ಳಿಖೇಡ ಎಲ್ಲ ಆಗ ಅದೇ ನಿಜಾಮ ಸಂಸ್ಥಾನದಲ್ಲಿದ್ದವು. ನಗರವನ್ನು ಪ್ರವಾಹದಿಂದ ಕಾಯುವ ದಾರಿ ಹುಡುಕಲು ನಿಜಾಮ ಸರ್ಕಾರ ಕರೆಸಿದ್ದು ಮುಂಬೈ ಸರ್ಕಾರದ ಸೇವೆಯಿಂದ ತಾವಾಗಿಯೇ ನಿವೃತ್ತಿ ಪಡೆದಿದ್ದ ಎಂ. ವಿಶ್ವೇಶ್ವರಯ್ಯನವರನ್ನು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಎಂಬ ಎರಡು ಜಲಾಶಯಗಳು ಅವರ ಸಲಹೆಯ ಫಲ. ಮೈಸೂರಿನ ಮುಖ್ಯ ಎಂಜಿನಿಯರ್ ಆದದ್ದು, ದಿವಾನರಾದದ್ದು, ನಾವು ಇಂದು ಅವರ ಹೆಸರಿಗೆ ಜೋಡಿಸುವ ಬಹುತೇಕ ಎಲ್ಲವೂ ನಡೆದದ್ದು ಆ ನಿವೃತ್ತಿಯ ನಂತರ. ಇನ್ನೊಬ್ಬರು ಪ್ರೊ. ಜಿ. ವೆಂಕಟಸುಬ್ಬಯ್ಯ. ಬೆಂಗಳೂರಿನ ವಿಜಯಾ ಕಾಲೇಜಿನಿಂದ 1973ರಲ್ಲಿ ನಿವೃತ್ತರಾದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಕೆಲಸವನ್ನು ಪ್ರಧಾನ ಸಂಪಾದಕರಾಗಿ ದಡ ಮುಟ್ಟಿಸಿದರು. ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣ ಶುರು ಮಾಡಿದಾಗ ಅವರಿಗೆ ಎಪ್ಪತ್ತೈದು ದಾಟಿತ್ತು. ಓದುಗರು ಕಳಿಸಿದ ಪದಗಳ ಸಂದೇಹವನ್ನು ವರ್ಷಗಟ್ಟಲೆ ಬಿಡಿಸಿದರು. 2021ರ ಏಪ್ರಿಲಿನಲ್ಲಿ ತೀರಿಕೊಂಡಾಗ ನೂರ ಏಳು ವರ್ಷ. ನಿವೃತ್ತಿಯ ನಂತರದ ಅವರ ಬದುಕು ನಲವತ್ತೇಳು ವರ್ಷ ಮೀರಿತು, ಮೇಷ್ಟರಾಗಿ ದುಡಿದ ಕಾಲಕ್ಕಿಂತ ಉದ್ದ ಅದು.

ಇವರಿಬ್ಬರ ಬದುಕಿನಲ್ಲಿ ಒಂದು ಸಂಗತಿ ಗಮನಿಸಬೇಕು. ಹೊಸ ಕೆಲಸಕ್ಕೆ ಕೈ ಹಚ್ಚಿದಾಗ ಅವರು ಹಳೆಯ ಕುರ್ಚಿಗೆ ಜೋತುಬಿದ್ದಿರಲಿಲ್ಲ. ಕುರ್ಚಿ ಬಿಟ್ಟು ಕೆಲಸ ಹಿಡಿದರು. ನಮ್ಮ ಕಚೇರಿಗಳಲ್ಲಿ ಎಷ್ಟೋ ಸಲ ಇದಕ್ಕೆ ತದ್ವಿರುದ್ಧವಾದದ್ದು ನಡೆಯುತ್ತದೆ. ಬೀಳ್ಕೊಡುಗೆಯ ಹಾರ ಬಾಡುವ ಮೊದಲೇ ನಿವೃತ್ತ ಅಧಿಕಾರಿ ಗುತ್ತಿಗೆಯ ಮೇಲೆ ಅದೇ ಕೋಣೆಗೆ ಬಂದು ಕೂರುತ್ತಾರೆ, ಹೊರಗೆ ಪದವಿ ಹಿಡಿದ ಹುಡುಗರು ಖಾಲಿ ಹುದ್ದೆಯ ಅಧಿಸೂಚನೆಗೆ ಕಾಯುತ್ತಿರುತ್ತಾರೆ. ಇದಕ್ಕೆ ನನ್ನ ಒಪ್ಪಿಗೆಯಿಲ್ಲ. ಹಿರಿಯರು ದುಡಿದರೆ ಕಿರಿಯರ ಅನ್ನ ಹೋಗುತ್ತದೆ ಎಂಬ ಆಕ್ಷೇಪ ಎಲ್ಲ ಕಡೆ ನಿಜವಲ್ಲ, ಎಣಿಸಿಟ್ಟ ಸರ್ಕಾರಿ ಹುದ್ದೆಗಳ ಮಟ್ಟಿಗೆ ಮಾತ್ರ ಪೂರ್ತಿ ನಿಜ. ಪ್ಯಾನ್‌ಮ್ಯಾನ್‌ನ ವಿಷಯದಲ್ಲಿ ಆಗುವುದು ಇದಕ್ಕೆ ಉಲ್ಟಾ. ಅವನು ಸುಮ್ಮನೆ ಮನೆಗೆ ಹೋದರೆ ಹುಡುಗನಿಗೆ ಕಲಿಸುವವರೇ ಇರುವುದಿಲ್ಲ. ಬೆರಳಿಗೆ ಇಳಿದ ವಿದ್ಯೆ ಕೈಪಿಡಿಯಲ್ಲಿ ಸಿಗುವುದಿಲ್ಲ. ಬೀದರಿನ ಬಿದ್ರಿ ಕುಶಲಕರ್ಮಿಗಳಲ್ಲಿ ಈ ಅಡಚಣೆ ಇಲ್ಲ, ಅಲ್ಲಿ ನಿವೃತ್ತಿ ಎಂಬುದೇ ಇಲ್ಲ. ಕೋಟೆಯ ಮಣ್ಣಿನಲ್ಲಿ ಯಾವುದು ಒಳ್ಳೆಯ ಕಪ್ಪು ಕೊಡುತ್ತದೆಂದು ಹಿರಿಯ ನೋಡಿ ಹೇಳುತ್ತಾನೆ, ಪಕ್ಕದಲ್ಲಿ ಕೂತ ಕಿರಿಯ ಬೆಳ್ಳಿ ಎಳೆ ಕೂರಿಸುತ್ತ ಕಲಿಯುತ್ತಾನೆ. ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸೂ ಅರವತ್ತೈದು ದಾಟಿತ್ತು.

ಜಪಾನಿನಲ್ಲಿ ಇದಕ್ಕೊಂದು ಏರ್ಪಾಟು ಇದೆ. ಟೋಕಿಯೊದಲ್ಲಿ 1970ರ ದಶಕದ ನಡುವೆ ಶುರುವಾದ ‘ಸಿಲ್ವರ್’ ಕೇಂದ್ರಗಳು ಈಗ ದೇಶದ ತುಂಬ ಇವೆ. ಅರವತ್ತು ದಾಟಿದವರು ಅಲ್ಲಿ ಹೆಸರು ಬರೆಸುತ್ತಾರೆ. ತೋಟ ಸವರುವುದು, ಬೈಸಿಕಲ್ ನಿಲ್ದಾಣ ನೋಡಿಕೊಳ್ಳುವುದು, ಮಕ್ಕಳಿಗೆ ಪಾಠ ಹೇಳುವುದು, ಲೆಕ್ಕ ಬರೆಯುವುದು ಇಂಥ ಹಗುರ ಕೆಲಸಗಳನ್ನು ಕೇಂದ್ರವೇ ಊರೊಳಗಿನಿಂದ ಹುಡುಕಿ ಕೊಡುತ್ತದೆ. ತಿಂಗಳಿಗೆ ಹತ್ತು ದಿನದ ಸುಮಾರಿಗೆ ಮಾತ್ರ ಕೆಲಸ. ಅದರಲ್ಲಿ ಹೊಟ್ಟೆ ಪೂರ್ತಿ ತುಂಬುವುದಿಲ್ಲ; ತುಂಬಲು ಬೇರೆ ಪಿಂಚಣಿ ಇದೆ ಎಂಬ ಲೆಕ್ಕದ ಮೇಲೆಯೇ ಆ ಏರ್ಪಾಟು ನಿಂತಿದೆ. ಆ ದೇಶದಲ್ಲಿ ಅರವತ್ತೈದು ದಾಟಿದವರಲ್ಲಿ ನಾಲ್ವರಿಗೆ ಒಬ್ಬರು ದುಡಿಯುತ್ತಾರೆ, ಅಲ್ಲೂ ಎಲ್ಲರದೂ ಹುರುಪಿನ ದುಡಿಮೆಯಲ್ಲ. ಆದರೂ ಹಗುರ ಕೆಲಸ, ಕಡಿಮೆ ದಿನ, ಹತ್ತಿರದ ಜಾಗ ಎಂಬ ಮೂರು ಕಟ್ಟಳೆಗಳನ್ನು ಮುದಿ ದೇಹದ ಪರವಾಗಿ ಯಾರೋ ಕೂತು ಯೋಚಿಸಿದ್ದಾರೆ.

ಹಳ್ಳಿಖೇಡದಂಥ ಪಟ್ಟಣದಲ್ಲಿ ಪುರಸಭೆ ಮನಸ್ಸು ಮಾಡಿದರೆ ಇಂಥದ್ದನ್ನು ಒಂದು ವಹಿ, ಒಂದು ಮೇಜಿನಿಂದ ಶುರು ಮಾಡಬಹುದು. ಕಾರ್ಖಾನೆಯ ಹಳೆಯ ಫಿಟ್ಟರುಗಳು, ವೆಲ್ಡರುಗಳು, ಎಲೆಕ್ಟ್ರೀಷಿಯನ್ನರು ಇದ್ದಾರೆ. ಜಿಲ್ಲೆಯಲ್ಲಿ ಐಟಿಐಗಳಿವೆ. ವಾರಕ್ಕೆ ಎರಡು ದಿನ ಈ ಹಿರಿಯರು ಹುಡುಗರ ಪಕ್ಕ ನಿಂತು ಪಂಪು ಬಿಚ್ಚಿ ಜೋಡಿಸಿ ತೋರಿಸಿದರೆ ಇಬ್ಬರಿಗೂ ಲಾಭ. ಬೆಳೆಸಾಲದ ಅರ್ಜಿ, ಪಿಂಚಣಿ ಅರ್ಜಿ, ಬ್ಯಾಂಕಿನ ಕೆವೈಸಿ ತುಂಬಲು ಅಕ್ಷರ ಬಾರದವರು ಊರ ತುಂಬ ಅಲೆಯುತ್ತಾರೆ. ನಿವೃತ್ತ ಗುಮಾಸ್ತರು, ಮಾಸ್ತರರು ಆ ಮೇಜಿಗೆ ಕೂರಬಹುದು. ಇದು ಬಿಡಲು ಮನಸ್ಸಿಲ್ಲದವರಿಗೆ ಸಾಕಾಗುತ್ತದೆ.

ಬಿಟ್ಟರೆ ನಡೆಯದವರಿಗೆ ಇದು ಸಾಲದು, ಅವರಿಗೆ ಬೇಕಾದದ್ದು ದುಡ್ಡು. ಇಪಿಎಸ್ ಪಿಂಚಣಿದಾರರು ಕನಿಷ್ಠ ಪಿಂಚಣಿ 7,500 ರೂಪಾಯಿ ಆಗಬೇಕು, ಅದಕ್ಕೆ ತುಟ್ಟಿಭತ್ಯೆ ಸೇರಬೇಕು ಎಂದು ವರ್ಷಗಳಿಂದ ದಿಲ್ಲಿಯ ತನಕ ಹೋಗಿ ಧರಣಿ ಕೂತಿದ್ದಾರೆ. ಆ ಧರಣಿಗಳ ಫೋಟೊಗಳನ್ನು ನೋಡಿ, ತಲೆ ನೆರೆಯದವರು ಒಬ್ಬರೂ ಕಾಣುವುದಿಲ್ಲ. 1,000 ರೂಪಾಯಿಯ ಕನಿಷ್ಠ ಗೊತ್ತಾದದ್ದು 2014ರ ಸೆಪ್ಟೆಂಬರಿನಲ್ಲಿ. ಸಕ್ಕರೆಯ ಬೆಲೆ, ಕಬ್ಬಿನ ದರ, ಶಾಸಕರ ಸಂಬಳ ಎಲ್ಲವೂ ಆಮೇಲೆ ಏರಿವೆ. ಈ ಬೇಡಿಕೆಯನ್ನು ಮುದುಕರಷ್ಟೇ ಒಯ್ಯುವುದು ಯಾಕೆ? ಇಂದು ಹುಮನಾಬಾದಿನ ಕಾರ್ಖಾನೆಗಳಲ್ಲಿ ಪಾಳಿ ಮಾಡುತ್ತಿರುವ ಮೂವತ್ತರ ಹುಡುಗರ ಪಗಾರ ಚೀಟಿಯಲ್ಲೂ ಇದೇ ಇಪಿಎಸ್‌ಗೆ ಜೋಡಿಸಿಕೊಂಡ ಪಿ.ಎಫ್. ಕಟ್ಟಾಗುತ್ತಿದೆ, ಅವರ ಮುಪ್ಪಿನ ಲೆಕ್ಕವೂ ಅದೇ ಎಪ್ಪತ್ತರ ಭಾಗಾಕಾರದಲ್ಲಿ ನಡೆಯಲಿದೆ.